ಗೆರೆಯ ಕೆಳಗಿನ ಹೆಸರು

ಈ ಕಥೆಯನ್ನು ಮೊದಲು ಹೇಳಿದವಳು ವಾಲ್ಡಾ ಕ್ರಿಮ್ಮಿನ್ಸ್. ಹೇಳಿದ್ದು ೧೯೯೪ರ ಫೆಬ್ರವರಿಯ ಎರಡನೆಯ ಭಾನುವಾರ, ಬ್ರಿಸ್ಬೇನಿನ ವೆಸ್ಟ್ ಎಂಡಿನಲ್ಲಿರುವ ಸಮುದಾಯ ಭವನದ ಜಗಲಿಯಲ್ಲಿ, ಊಟದ ನಂತರದ ಬಿಸಿಲಿನಲ್ಲಿ. ಹಳೆಯ ಗ್ರಾಮಫೋನ್ ಪ್ಲೇಟುಗಳ ಸಂತೆ ಅಂದು ಒಳಗಡೆ ನಡೆಯುತ್ತಿತ್ತು. ಸೆಕೆ ತಾಳಲಾರದೆ ಹೊರಗೆ ಬಂದು ಕುಳಿತವರಲ್ಲಿ ಒಬ್ಬರು, ವೆಟ್ ಸಿಮೆಂಟ್ ಎಂಬ ಪ್ಲೇಟು ಕಂಪನಿ ಮೂರೇ ಪ್ಲೇಟು ತಂದು ಏಕೆ ನಿಂತುಹೋಯಿತೆಂದು ಕೇಳಿದರು. ಕೇಳಿಸಿಕೊಂಡವರು ನನ್ನನ್ನೂ ಸೇರಿಸಿ ಒಂಬತ್ತು ಮಂದಿ. ಅದೇ ವರ್ಷ, ಆ ಕಂಪನಿಯಲ್ಲಿ ಅವಳ ಜೊತೆಗಿದ್ದ ನೆವ್ ಸ್ಟ್ರೌಡ್ ತನ್ನ ಗ್ಯಾರೇಜಿನಲ್ಲಿ ಇದನ್ನೇ ನನಗೆ ಎರಡು ಬಾರಿ ಹೇಳಿದ. ಇಬ್ಬರ ಮಾತು ಎಲ್ಲಿ ಬೇರೆಯಾಗುವುದೋ ಅಲ್ಲಿ ಅದನ್ನು ಸೂಚಿಸಿದ್ದೇನೆ. ಉಳಿದದ್ದೆಲ್ಲ ವಾಲ್ಡಾಳ ಪಾಠ.

ವೆಟ್ ಸಿಮೆಂಟ್ ಹುಟ್ಟಿದ್ದು ೧೯೭೭ರಲ್ಲಿ, ನೆವ್‌ನ ತಾಯಿಯ ಮನೆಯ ಅಡಿಯಲ್ಲಿ. ನಮ್ಮ ಕಡೆಯ ಮರದ ಮನೆಗಳು ಕಂಬಗಳ ಮೇಲೆ ನಿಂತಿರುವುದರಿಂದ ಕೆಳಗೆ ಬಟ್ಟೆ ಒಣಗಿಸಲು, ಕಾರು ನಿಲ್ಲಿಸಲು, ಬ್ಯಾಂಡು ಬಾರಿಸಲು ಬೇಕಾದಷ್ಟು ನೆರಳಿರುತ್ತದೆ. ಆ ನೆಲಕ್ಕೆ ಕಾಂಕ್ರೀಟು ಹಾಕಿದ ದಿನ ನೆವ್ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಬ್ಯಾಂಡಿನ ಹೆಸರನ್ನು ಗೀಚಿ ತಾಯಿಯಿಂದ ಬೈಸಿಕೊಂಡ. ಕಂಪನಿಯ ಹೆಸರು ಅಲ್ಲಿಂದ ಬಂತು. ಬ್ಯಾಂಡು ದಿ ಮ್ಯಾಂಗಲ್ಸ್. ವಾಲ್ಡಾ ಹಾಡುತ್ತಿದ್ದಳು, ನೆವ್ ಡ್ರಮ್ಮು ಬಾರಿಸುತ್ತಿದ್ದ, ಗಿಟಾರು ಹಿಡಿಯುವವರು ಋತುವಿಗೊಬ್ಬರಂತೆ ಬದಲಾಗುತ್ತಿದ್ದರು. ಅಷ್ಟು ಕರ್ಕಶವಾದುದನ್ನು ಅಚ್ಚು ಹಾಕಲು ಯಾವ ದೊಡ್ಡ ಕಂಪನಿಯೂ ಒಪ್ಪದಿದ್ದುದರಿಂದ ತಾವೇ ಕಂಪನಿಯಾದರು. ಕಚೇರಿಯೆಂದರೆ ವಾಲ್ಡಾಳ ಅಡುಗೆಮನೆಯ ಮೇಜು. ಕಾಗದದ ಹೊದಿಕೆಗಳನ್ನು ಮಡಚುವುದೂ ಅಂಟಿಸುವುದೂ ಅದರ ಮೇಲೆಯೇ.

ಹಾಡಿದ ಟೇಪನ್ನು ರೈಲಿನ ಪಾರ್ಸಲ್ಲಿನಲ್ಲಿ ಸಿಡ್ನಿಗೆ ಕಳುಹಿಸಿದರೆ ಅಲ್ಲಿ ಲಿಂಡ್‌ಕ್ವಿಸ್ಟ್ ಎಂಬ ಮುದುಕ ಮೂಲತಟ್ಟೆಯನ್ನು ಕೊರೆದುಕೊಡುತ್ತಿದ್ದ. ಪ್ಲೇಟಿನಲ್ಲಿ ಹಾಡು ಮುಗಿದ ಮೇಲೆ, ನಡುವಿನ ಕಾಗದಕ್ಕೆ ಮುಂಚೆ, ಬೆರಳಗಲದ ಬೋಳು ಅಂಚೊಂದು ಉಳಿಯುತ್ತದೆ. ಕೊರೆಯುವವನು ಆ ಅಂಚಿನಲ್ಲಿ ಸೂಜಿಯಿಂದ ಏನು ಗೀಚಿದರೂ ಅದು ಅಚ್ಚಾಗುವ ಪ್ರತಿಯೊಂದು ಪ್ಲೇಟಿನಲ್ಲಿಯೂ ಮೂಡುತ್ತದೆ. ಈ ಗೀಚಿನಿಂದಲೇ ವೆಟ್ ಸಿಮೆಂಟಿನವರು ಹೆಸರಾಗಿದ್ದರು. ಟೇಪಿನ ಡಬ್ಬಿಯ ಮುಚ್ಚಳದ ಮೇಲೆ ವಾಲ್ಡಾ ಹಾಡಿನ ಹೆಸರನ್ನು ಬರೆದು, ಅಡ್ಡಗೆರೆ ಎಳೆದು, ಗೆರೆಯ ಕೆಳಗೆ ಗೀಚಬೇಕಾದ ಮಾತನ್ನು ಬರೆಯುತ್ತಿದ್ದಳು. ಮೊದಲ ಪ್ಲೇಟಿನ ಅಂಚಿನಲ್ಲಿ "ಅಕ್ಕಪಕ್ಕದವರೇ, ಕ್ಷಮಿಸಿ" ಎಂದಿತ್ತು, ಎರಡನೆಯದರಲ್ಲಿ "ನೆವ್‌ನ ಅಮ್ಮ ಕೊಟ್ಟ ಬ್ರೆಡ್ಡಿಗೆ ಧನ್ಯವಾದ." ಕೊಂಡವರು ಹಾಡು ಕೇಳುವ ಮುಂಚೆಯೇ ಪ್ಲೇಟನ್ನು ಬೆಳಕಿಗೆ ಓರೆಮಾಡಿ ಓದುತ್ತಿದ್ದರು. ಲಿಂಡ್‌ಕ್ವಿಸ್ಟ್ ಎಂದೂ ಪ್ರಶ್ನೆ ಕೇಳಿದವನಲ್ಲ. ಗೆರೆಯ ಕೆಳಗಿದ್ದುದನ್ನು ಅಕ್ಷರ ಬಿಡದೆ, ತಪ್ಪಿದ್ದರೆ ತಪ್ಪನ್ನೂ ಬಿಡದೆ, ಗೀಚುತ್ತಿದ್ದ.

ಮೂರನೆಯ ಪ್ಲೇಟಿನ ಹಾಡು "ಆಲ್ಫ್ ಸಿಗರೇಟು ಸೇದುತ್ತಿರಲಿಲ್ಲ." ಅದು ಹುಟ್ಟಿದ್ದು ಹೀಗೆ.

ವಾಲ್ಡಾ ಹಗಲಿನಲ್ಲಿ ಲಾಂಡ್ರಿಯೊಂದರಲ್ಲಿ ಚಾದರಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಅವಳ ಪಕ್ಕದ ಮೇಜಿನಲ್ಲಿದ್ದವಳು ಐವಿ ಟ್ರಾಂಟರ್, ಅರವತ್ತೆಂಟರ ಹೆಂಗಸು, ಸೊಂಟದಲ್ಲಿ ನೋವಿದ್ದವಳು. (ಈ ಹೆಸರೂ ಮುಂದೆ ಬರುವ ಬೀದಿಯ ಹೆಸರೂ ನಿಜವಾದವಲ್ಲವೆಂದು ವಾಲ್ಡಾ ಮೊದಲಿಗೇ ಹೇಳಿದಳು. ನೆವ್ ಬೇರೆ ಹೆಸರುಗಳನ್ನು ಹೇಳಿದ, ಅವೂ ನಿಜವಲ್ಲವೆಂದ.) ಐವಿ ಬಾಡಿಗೆ ಕೋಣೆಗಳ ಹಳೆಯ ಮನೆಯೊಂದರಲ್ಲಿದ್ದಳು. ಆ ಮನೆಯನ್ನು ಕೆಡವಿ ಜಾಗವನ್ನು ಮಾರಬೇಕೆಂದು ಒಂದು ಕೆಡಹುವ ಕಂಪನಿ ಹೊಂಚುಹಾಕಿತ್ತು; ಅದರ ಮೇಸ್ತ್ರಿ ಗಾರ್ಥ್ ಮಾರ್ಡಾಂಟ್ ಶುಕ್ರವಾರಕ್ಕೊಮ್ಮೆ ಬಂದು ಬಾಡಿಗೆಯವರನ್ನು ಹೆದರಿಸಿ ಹೋಗುತ್ತಿದ್ದ. ೧೯೭೯ರ ಮಾರ್ಚಿನ ಒಂದು ಹಗಲು, ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ, ಮನೆಗೆ ಬೆಂಕಿ ಬಿತ್ತು. ಇನ್ನೊಂದು ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಆಲ್ಫ್ ಪಿಂಡರ್ ಒಳಗೇ ಸತ್ತ. ಹಾಸಿಗೆಯಲ್ಲಿ ಸೇದಿದ ಸಿಗರೇಟಿನಿಂದ ಬೆಂಕಿ ಹತ್ತಿತೆಂದು ಊರಿಡೀ ಮಾತಾಯಿತು. ಆಲ್ಫ್‌ನ ಶ್ವಾಸಕೋಶ ಕೆಟ್ಟು ಹತ್ತು ವರ್ಷವಾಗಿತ್ತು. ಅವನು ಬೆಂಕಿಕಡ್ಡಿಯನ್ನೂ ಇಟ್ಟುಕೊಂಡವನಲ್ಲ. ಅಂದು ಸೊಂಟನೋವಿನಿಂದ ಮನೆಯಲ್ಲೇ ಉಳಿದು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಐವಿ, ಚಾದರದ ಸಂದಿನಿಂದ, ಸೀಮೆಎಣ್ಣೆಯ ಡಬ್ಬಿ ಹಿಡಿದು ಹಿಂಬದಿಯ ಮೆಟ್ಟಿಲಿಳಿದು ಹೋದ ಮಾರ್ಡಾಂಟನನ್ನು ಕಂಡಿದ್ದಳು.

ಅವಳು ಯಾರಿಗೂ ದೂರು ಕೊಡಲಿಲ್ಲ. ಕಾಲ್ಡರ್ ಬೀದಿಯ ಒಂಬತ್ತನೆಯ ಮನೆಯಲ್ಲಿ ಹಿಂಬದಿಯ ಕೋಣೆ ಹಿಡಿದು ಮಿಸೆಸ್ ಹಾಬ್ಸ್ ಎಂದು ಹೇಳಿಕೊಂಡು ಇದ್ದಳು. ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳು ಒಂದು ದಿನ ಇಸ್ತ್ರಿಮೇಜಿನ ಬಳಿ ವಾಲ್ಡಾಳಿಗೆ ಎಲ್ಲವನ್ನೂ ಹೇಳಿದಳು.

"ಹಾಡು ಮಾಡ್ತೀಯೋ, ಊರೆಲ್ಲ ಕೂಗ್ತೀಯೋ, ನಿನ್ನಿಷ್ಟ. ಆದ್ರೆ ನನ್ನ ಹೆಸರು ನಿನ್ನ ಬಾಯಿಂದ ಹೊರಗೆ ಬರಬಾರದು. ಬಂದ್ರೆ ಅವನು ನನ್ನನ್ನೂ ಸುಡ್ತಾನೆ. ಸುಳ್ಳಲ್ಲ ಹುಡುಗಿ, ಸುಡ್ತಾನೆ."

"ಬರಲ್ಲ ಐವಿ. ಪ್ರಮಾಣ ಮಾಡ್ತೀನಿ."

"ಪ್ರಮಾಣ ಬೇಡ. ಮೊದಲನೇ ಪ್ಲೇಟು ನಂಗೆ ಕೊಡು. ಹಾಕಿ ಕೇಳೋಕೆ ನನ್ ಹತ್ರ ಏನೂ ಇಲ್ಲ, ಆಲ್ಫ್ ಹೆಸರಲ್ಲಿ ಇಟ್ಕೋತೀನಿ."

ಈ ಸಲ ಅಂಚಿನಲ್ಲಿ ತಮಾಷೆಯ ಮಾತು ಬೇಡ, ಬೋಳಾಗಿಯೇ ಇರಲಿ ಎಂದು ವಾಲ್ಡಾ ಮತ್ತು ನೆವ್ ನಿರ್ಧರಿಸಿದ್ದರು. ಆದರೆ ಡಬ್ಬಿಯ ಮುಚ್ಚಳದ ಮೇಲೆ ಹಾಡಿನ ಹೆಸರು ಬರೆದೊಡನೆ ವಾಲ್ಡಾಳ ಕೈ ರೂಢಿಯಂತೆ ಗೆರೆ ಎಳೆಯಿತು. ಮೊದಲ ಪ್ಲೇಟನ್ನು ತಲುಪಿಸಬೇಕಾದವನು ನೆವ್. ಅವನಿಗೆ ಐವಿಯ ವಿಳಾಸ ಗೊತ್ತಿರಲಿಲ್ಲ. ಬೇರೆ ಚೀಟಿ ಕೈಗೆ ಸಿಗದೆ, ನೆವ್ ಬರೆದುಕೊಳ್ಳಲೆಂದು, ಅವಳು ಅದೇ ಮುಚ್ಚಳದ ಮೇಲೆ, ಗೆರೆಯ ಕೆಳಗೆ, ಪೆನ್ಸಿಲಿನಿಂದ ಗುರುತು ಹಾಕಿದಳು: "ಐವಿ ಟ್ರಾಂಟರ್, ಹಿಂದಿನ ಕೋಣೆ, ೯ ಕಾಲ್ಡರ್ ಬೀದಿ. ನೋಡಿದವಳು." ನೆವ್ ಬಂದ, ಬರೆದುಕೊಂಡ, ಡಬ್ಬಿಯನ್ನು ಕಟ್ಟಿ ರೈಲಿಗೆ ಹಾಕಿದ. ಅಳಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅಚ್ಚಾಗಿ ಬಂದ ಮುನ್ನೂರು ಪ್ಲೇಟುಗಳಲ್ಲಿ ಒಂದನ್ನು ಹಾಕಿ ಕೇಳಿ ಕುಣಿದರು. ಅಂಚಿನಲ್ಲಿ ಏನೂ ಇಲ್ಲವೆಂದು ನಂಬಿದ್ದವರು ಅಂಚನ್ನು ನೋಡಲಿಲ್ಲ.

ಇಪ್ಪತ್ತೈದು ಪ್ಲೇಟುಗಳು ನಗರದ ನಡುವೆ ಡೆಸ್ ಫರ್ಲಾಂಗ್ ಎಂಬವನ ಅಂಗಡಿಗೆ ಹೋದವು. ಎರಡನೆಯ ದಿನ, ನವೆಂಬರಿನ ಒಂದು ಬುಧವಾರ, ಬೆಳಗಿನ ಪಾಳಿ ಮುಗಿಸಿ ವಾಲ್ಡಾ ಮನೆಗೆ ಬಂದಿದ್ದಾಗ ಡೆಸ್ ಫೋನು ಮಾಡಿದ.

"ವಾಲ್, ಈ ಸಲದ ಗೀಚು ಭಾರಿ ಉದ್ದ ಆಯ್ತಲ್ಲೇ. ಓದೋಕೆ ಪ್ಲೇಟನ್ನ ಪೂರ್ತಿ ಒಂದು ಸುತ್ತು ತಿರುಗಿಸ್ಬೇಕು."

"ಯಾವ ಗೀಚು? ಈ ಸಲ ಏನೂ ಬರೆದಿಲ್ಲ."

"ಬರೆದಿಲ್ವಾ? ಹಾಗಾದ್ರೆ ಈ ಐವಿ ಟ್ರಾಂಟರ್ ಯಾರಮ್ಮಾ? ಹೊಸ ಗಿಟಾರಿನವಳಾ?"

ವಾಲ್ಡಾ ಹೇಳಿದ ಪ್ರಕಾರ, ಆ ಕ್ಷಣದಲ್ಲಿ ಅವಳಿಗೆ ಮೊದಲು ತಣ್ಣಗಾದದ್ದು ಹಲ್ಲುಗಳು.

"ಆ ಹೆಸರನ್ನ ಗಟ್ಟಿಯಾಗಿ ಹೇಳ್ಬೇಡ, ಡೆಸ್."

"ಅಂಗಡೀಲಿ ಯಾರಿದಾರೆ ಮಾರಾಯ್ತಿ? ನಾನು, ಫ್ಯಾನು."

"ಎಷ್ಟು ಪ್ಲೇಟು ಹೋಗಿದೆ?"

"ಹನ್ನೊಂದು. ಹತ್ತು ನಮ್ಮವರೇ, ಒಬ್ಬೊಬ್ಬರ ಹೆಸರೂ ಹೇಳ್ತೀನಿ. ಹನ್ನೊಂದನೆಯವನೇ ತಮಾಷೆ. ಇಸ್ತ್ರಿ ಹಾಕಿದ ಚಡ್ಡಿ, ಮೊಣಕಾಲವರೆಗೂ ಬಿಳಿ ಕಾಲುಚೀಲ. ನಮ್ಮ ಪಿನ್ನು ಚುಚ್ಕೊಂಡ ಗಿರಾಕಿಗಳ ಮಧ್ಯೆ ಸುಂಕದ ಅಧಿಕಾರಿ ನಿಂತಂಗೆ ನಿಂತಿದ್ದ. ಬೆಂಕಿ ಬಗ್ಗೆ ಹಾಡಿರೋ ಪ್ಲೇಟು ಇದೇನಾ ಅಂತ ಕೇಳ್ದ."

"ನೀನೇನಂದೆ?"

"ಇದೇ ಅಂದೆ. ಅಂಚಲ್ಲಿ ಯಾವಾಗ್ಲೂ ಒಂದು ಮಾತು ಗೀಚಿರ್ತಾರೆ, ಬಿಸಿಲಿಗೆ ಹಿಡಿದು ನೋಡಿ ಅಂತ ಸೇರಿಸಿದೆ. ವ್ಯಾಪಾರ ಕಣೇ! ಯಾಕೆ, ತಪ್ಪಾಯ್ತಾ?"

"ಯಾವಾಗ ಬಂದಿದ್ದ?"

"ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ. ಹೋಗಿ ಮೂರು ಗಂಟೆ ಹೊತ್ತಾಗಿರ್ಬೇಕು."

ಮಾರ್ಡಾಂಟ್ ವರ್ಷವಿಡೀ ಬಿಳಿ ಕಾಲುಚೀಲ ಹಾಕುತ್ತಾನೆಂದು ಐವಿ ಹೇಳಿದ್ದಳು. ವಾಲ್ಡಾ ನೆವ್‌ಗೆ ಫೋನು ಮಾಡಿ, ಅವನ ಮನೆಯಡಿಯಲ್ಲಿದ್ದ ಪ್ಲೇಟುಗಳ ಅಂಚನ್ನೆಲ್ಲ ಮೊಳೆಯಿಂದ ಉಜ್ಜಿಬಿಡು, ಒಂದನ್ನೂ ಬಿಡಬೇಡ ಎಂದಳು. ಕಾರಣ ಕೇಳಿದ ನೆವ್‌ಗೆ "ಓದು" ಎಂದಷ್ಟೇ ಹೇಳಿ ಬೀದಿಗಿಳಿದಳು. ಬಸ್ಸಿಗೆ ಕಾಯುವ ಧೈರ್ಯವಿರಲಿಲ್ಲ. ಕಾಲ್ಡರ್ ಬೀದಿ ಒಂದು ಮೈಲಿ. ಓಡಿದರೆ ಎಲ್ಲರ ಕಣ್ಣೂ ತನ್ನ ಮೇಲೆ ಬೀಳುವುದೆಂದು ಓಡದೆ, ನಡೆದರೆ ತಡವಾಗುವುದೆಂದು ನಡೆಯದೆ, ಎರಡರ ನಡುವಿನ ಹೆಜ್ಜೆಯಲ್ಲಿ ಹೋದಳು. ಹೊಗೆಯ ವಾಸನೆ ಬರುತ್ತಿದೆಯೇ ಎಂದು ದಾರಿಯುದ್ದಕ್ಕೂ ಮೂಸುತ್ತಿದ್ದಳಂತೆ. ಯಾರದೋ ಹಿತ್ತಲಿನಲ್ಲಿ ಮಾಂಸ ಸುಡುತ್ತಿದ್ದ ಹೊಗೆಯನ್ನೂ ಬೇಲಿಯ ಮೇಲಿಂದ ಇಣುಕಿ ನೋಡಿಯೇ ಮುಂದೆ ಹೋದಳು.

ಒಂಬತ್ತನೆಯ ಮನೆ ಹಾಗೆಯೇ ನಿಂತಿತ್ತು. ಎದುರುಗಡೆ, ಜಕರಾಂಡಾ ಮರದ ನೆರಳಿನಲ್ಲಿ, ಕೆನೆಬಣ್ಣದ ಕಾರೊಂದು ನಿಂತಿತ್ತು. ಒಳಗೆ ಗಂಡಸೊಬ್ಬನಿದ್ದ. ಮನೆಯೊಡತಿ ಮಿಸೆಸ್ ವೆನೆಟಿಸ್ ಜಗಲಿಯಲ್ಲಿ ಕುಳಿತು ಬೀನ್ಸಿನ ನಾರು ತೆಗೆಯುತ್ತಿದ್ದಳು.

"ನೀನೂ ಐವಿನ ಹುಡುಕ್ಕೊಂಡು ಬಂದ್ಯಾ?" ಎಂದಳು.

"ಇಲ್ಲ. ಮಿಸೆಸ್ ಹಾಬ್ಸ್ ಇದಾರಾ?"

"ಹಾಬ್ಸ್ ಇದಾಳೆ. ಐವಿ ಅಂತ ಯಾರೂ ಇಲ್ಲ. ಆ ಕಾಲುಚೀಲದವನಿಗೂ ಅದನ್ನೇ ಹೇಳ್ದೆ. ಎರಡು ಸಲ ಬಂದ. ಮುನಿಸಿಪಾಲಿಟಿಯವನಿರಬೇಕು, ಮನೆ ಎಲ್ಲ ಕಣ್ಣಲ್ಲೇ ಅಳತೆ ಮಾಡ್ತಾನೆ, ದರಿದ್ರದವನು."

ಹಿಂದಿನ ಕೋಣೆಯಲ್ಲಿ ಐವಿ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಳು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಅವನ ದನಿ ಅವಳಿಗೆ ಕೇಳಿಸಿತ್ತು.

"ಅವನಿಗೆ ಹೆಂಗೆ ಗೊತ್ತಾಯ್ತು?"

ವಾಲ್ಡಾ ಹೇಳಿದಳು. ಗೆರೆ, ಪೆನ್ಸಿಲು, ಲಿಂಡ್‌ಕ್ವಿಸ್ಟ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮುಗಿದ ಮೇಲೆ, "ಮುನ್ನೂರರಲ್ಲೂ?" ಎಂದಷ್ಟೇ ಐವಿ ಕೇಳಿದಳು.

ಹಿತ್ತಲಿನ ಬೇಲಿ ಆಳೆತ್ತರವಿತ್ತು. ಐವಿಯ ಸೊಂಟಕ್ಕೆ ಅದು ಆಗದ ಮಾತು. ಕತ್ತಲಾಗುವವರೆಗೆ ಕಾಯೋಣವೆಂದರೆ, ಕತ್ತಲಾದ ಮೇಲೆ ಆ ಕಾರಿನಿಂದ ಇಳಿಯುವವನು ಬರಿಗೈಯಲ್ಲಿ ಇಳಿಯುವನೆಂದು ಯಾರು ಹೇಳಬಲ್ಲರು? ಉಳಿದದ್ದು ಮುಂಬಾಗಿಲು.

"ನಿಮ್ಮ ಮುಖ ಅವನಿಗೆ ಗೊತ್ತಲ್ಲ, ಐವಿ."

"ವಾರವಾರ ಬರ್ತಿದ್ದ. ಒಂದು ದಿನಾನೂ ನಮ್ಮ ಮುಖ ನೋಡಿಲ್ಲ, ಗೋಡೆ ನೋಡ್ತಿದ್ದ." ಅವಳು ಎದ್ದು ನಿಂತು ಟೋಪಿ ಹಾಕಿಕೊಂಡಳು. "ಪೆಟ್ಟಿಗೆ ಗಿಟ್ಟಿಗೆ ಏನೂ ಬೇಡ. ಜಗಳ ಆಡೋಕೆ ಬರುತ್ತಾ ನಿಂಗೆ? ತಾಯಿ ಹತ್ರ ಆಡೋ ಥರ?"

"ಬರುತ್ತೆ."

"ಸ್ಟೇಜ್ ಮೇಲಿನ ಕಿರುಚಾಟ ಅಲ್ಲ. ಸುಮ್ನೆ ಬೇಜಾರಿನ ಜಗಳ."

ಹೀಗೆ ಅವರಿಬ್ಬರೂ ಜಗಳವಾಡುತ್ತ ಮೆಟ್ಟಿಲಿಳಿದರು. ನಿನ್ನ ಕೂದಲಿಗೆ ಏನು ಬಂದಿದೆ, ಗುಬ್ಬಿ ಗೂಡು ಕಟ್ಟಿದಂತಿದೆ, ಇಂಥ ತಲೆ ಹೊತ್ತವಳ ಜೊತೆ ಬೀದಿಯಲ್ಲಿ ಹೇಗೆ ಬರಲಿ ಎಂದು ಐವಿ ಬೈಯುತ್ತಿದ್ದಳು. ನಿನಗೆ ನಾಚಿಕೆಯಾದರೆ ಆ ಕಡೆ ರಸ್ತೆಯಲ್ಲಿ ಬಾ ಎಂದು ವಾಲ್ಡಾ ಗೊಣಗುತ್ತಿದ್ದಳು. ಮುದುಕಿ ಅವಳ ತೋಳನ್ನು ಹಿಡಿದಿದ್ದಳು. ಕಾರಿನ ಕಿಟಕಿ ಇಳಿಯಿತು.

"ಒಂದು ನಿಮಿಷ, ತಾಯೀ."

ಇಬ್ಬರೂ ನಿಂತರು. ಮಾರ್ಡಾಂಟನ ತೊಡೆಯ ಮೇಲೆ ಪ್ಲೇಟು ಹೊದಿಕೆಯಿಲ್ಲದೆ ಬಿದ್ದಿತ್ತು. ಮುಖ ಸೌಮ್ಯವಾಗಿತ್ತೆಂದು ವಾಲ್ಡಾ ಒತ್ತಿ ಹೇಳಿದಳು. ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವವನ ಮುಖ. ಅವನು ಪ್ಲೇಟನ್ನು ಕಿಟಕಿಯಿಂದ ಹೊರಗೆ ಚಾಚಿದ.

"ಕನ್ನಡಕ ಮರೆತು ಬಂದಿದೀನಿ. ಇಲ್ಲಿ ಕೊನೇಲಿ ಒಂದು ವಿಳಾಸ ಗೀಚಿದಾರೆ, ನೋಡಿ. ನಂಬರು ಒಂಬತ್ತೋ ನಾಲ್ಕೋ? ಒಂಬತ್ತರ ಮುದುಕಿ ಇಲ್ಲ ಅಂತಾಳೆ."

ವಾಲ್ಡಾ ಕೈ ಚಾಚಲು ಹೋದಳು, ಕೈ ಮೇಲೇಳಲಿಲ್ಲ. ಪ್ಲೇಟನ್ನು ತೆಗೆದುಕೊಂಡವಳು ಐವಿ. ಇಸ್ತ್ರಿಯಾದ ಚಾದರದಲ್ಲಿ ಕಲೆ ಹುಡುಕುವಂತೆ ಅದನ್ನು ಬಿಸಿಲಿಗೆ ಓರೆಮಾಡಿ, ನಿಧಾನವಾಗಿ ತಿರುಗಿಸಿ, ತನ್ನ ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಎಂಥಾ ಕೋಳಿ ಕಾಲಿನ ಅಕ್ಷರವಪ್ಪಾ. ನಾಲ್ಕು ಇದು."

"ನಾಲ್ಕೇನಾ?"

"ನಾಲ್ಕೇ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ, ಇವಳ ಹಾಗಲ್ಲ. ಇವಳಿಗೆ ಕನ್ನಡಿ ಕೂಡ ಕಾಣಲ್ಲ."

ಮಾರ್ಡಾಂಟ್ ನಕ್ಕ. "ನಾಲ್ಕಾದ್ರೆ ಅದನ್ನ ಜುಲೈನಲ್ಲಿ ನಾವೇ ಕೆಡವಿದ್ವಲ್ಲ. ಅಲ್ಲಿದ್ದೋರೆಲ್ಲ ಎಲ್ಲೆಲ್ಲಿ ಹೋದ್ರೋ." ಅವನು ಪ್ಲೇಟನ್ನು ಹಿಂದಕ್ಕೆ ತೆಗೆದುಕೊಂಡ. "ಥ್ಯಾಂಕ್ಸ್ ಕಣಮ್ಮಾ."

ಅವರು ನಡೆದರು. ಜಗಳವನ್ನು ಮುಂದುವರಿಸಬೇಕೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ಮಾತು ಹೊರಡಲಿಲ್ಲ. ಹತ್ತು ಹೆಜ್ಜೆಯಾಗಿರಬಹುದು (ನೆವ್‌ನ ಪಾಠದಲ್ಲಿ ಇಪ್ಪತ್ತು), ಹಿಂದಿನಿಂದ ಅದೇ ಸೌಮ್ಯವಾದ ದನಿ ಕೂಗಿತು:

"ಐವಿ!"

ವಾಲ್ಡಾಳ ಕತ್ತು ತಿರುಗತೊಡಗಿತು. ತನ್ನ ಹೆಸರಲ್ಲದಿದ್ದರೂ ತಿರುಗತೊಡಗಿತು. ಐವಿಯ ಉಗುರುಗಳು ಅವಳ ತೋಳಿನೊಳಗೆ ಇಳಿದವು. ಐವಿ ತಿರುಗಲಿಲ್ಲ, ಹೆಜ್ಜೆಯನ್ನೂ ಮುಂದಿಡಲಿಲ್ಲ. ನಡುಬೀದಿಯಲ್ಲಿ ಹಾಗೆಯೇ ನಿಂತುಬಿಟ್ಟಳು. ಕಾರಿನ ಬಾಗಿಲು ತೆರೆದುಕೊಂಡ ಸದ್ದಾಯಿತು. ಟಾರಿನ ಮೇಲೆ ಮೊದಲು ಒಂದು ಪಾದ, ಆಮೇಲೆ ಇನ್ನೊಂದು.

ಆಗ ಜಗಲಿಯಿಂದ ಮಿಸೆಸ್ ವೆನೆಟಿಸ್ ಬೀದಿಯೆಲ್ಲ ಕೇಳುವಂತೆ ಕೂಗಿದಳು:

"ಮಿಸೆಸ್ ಹಾಬ್ಸ್! ಏ ಮಿಸೆಸ್ ಹಾಬ್ಸ್! ಬರ್ತಾ ಬ್ರೆಡ್ ತಗೊಂಬಾ! ನಿನ್ನೆ ಥರ ಗಟ್ಟೀದು ಬೇಡ, ಮೆತ್ತಗಿರೋದು ನೋಡಿ ತಾ!"

ಐವಿ ಆ ಹೆಸರಿಗೆ ತಿರುಗಿದಳು. ಮಾರ್ಡಾಂಟ್ ಕಾರಿನ ಪಕ್ಕದಲ್ಲಿ ನಿಂತಿದ್ದ. ಅವಳು ಅವನ ತಲೆಯ ಮೇಲಿಂದ ಜಗಲಿಯನ್ನು ನೋಡುತ್ತ, "ಬಿಳೀದೋ ಕಂದುಬಣ್ಣದ್ದೋ?" ಎಂದು ಕೇಳಿದಳು.

"ಬಿಳೀದು!"

ಅವನು ಒಂದು ಗಳಿಗೆ ನಿಂತಿದ್ದು ಮತ್ತೆ ಕಾರಿನೊಳಗೆ ಕುಳಿತ. ಕಾರು ನಾಲ್ಕನೆಯ ಮನೆಯಿದ್ದ ಖಾಲಿ ಜಾಗದ ಕಡೆಗೆ ನಿಧಾನವಾಗಿ ಹೊರಟಿತು.

ಮಿಸೆಸ್ ವೆನೆಟಿಸ್‌ಗೆ ಎಲ್ಲವೂ ತಿಳಿದಿತ್ತು, ಬೇಕೆಂದೇ ಕೂಗಿದಳು ಎಂಬುದು ನೆವ್‌ನ ಪಾಠ. ವಾಲ್ಡಾ ಅದನ್ನು ಒಪ್ಪುವುದಿಲ್ಲ. ಅವಳಿಗೆ ಬ್ರೆಡ್ಡು ಬೇಕಾಗಿತ್ತು, ಅಷ್ಟೇ ಎನ್ನುತ್ತಾಳೆ. ಅದು ಬೇರೊಂದು ದಿನ ಬೇಕಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಎಷ್ಟೋ ಸಲ ಊಟ ಬಿಟ್ಟಿದ್ದಾಳೆ.

ಇಬ್ಬರೂ ಬ್ರೆಡ್ಡಿನ ಅಂಗಡಿಯನ್ನು ದಾಟಿ, ಸೇತುವೆಯನ್ನು ದಾಟಿ, ರೋಮಾ ಸ್ಟ್ರೀಟ್ ನಿಲ್ದಾಣದವರೆಗೆ ನಡೆದರು. ಹೊರಡಲು ಸಿದ್ಧವಾಗಿದ್ದ ಮೊದಲ ದೂರದ ರೈಲಿಗೆ ಐವಿ ಹತ್ತಿದಳು. ಕೈಯಲ್ಲಿ ಕೈಚೀಲವೊಂದೇ. ಬಾಗಿಲಿನಲ್ಲಿ ನಿಂತು, "ಅವನು ಕೂಗಿದಾಗ ನಾನು ಧೈರ್ಯವಾಗಿ ತಿರುಗದೇ ನಿಂತೆ ಅಂದ್ಕೊಂಡ್ಯಾ? ಕಾಲು ಬರಲಿಲ್ಲ ಕಣೇ" ಎಂದಳು.

"ನನ್ನ ಬಾಯಿಂದ ಬರಲಿಲ್ಲ, ಐವಿ. ಒಂದು ಸಲಾನೂ ಬರಲಿಲ್ಲ."

"ಹೌದು. ಅದನ್ನೇ ಹೇಳ್ಕೊಂಡು ಬದುಕು."

ರೈಲು ಹೊರಟಿತು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ.

ನೆವ್ ಸಂಜೆಯವರೆಗೆ ಕುಳಿತು, ಐವಿಗೆ ಇನ್ನೂ ತಲುಪಿಸದಿದ್ದ ಮೊದಲನೆಯದೂ ಸೇರಿ, ಇನ್ನೂರೆಪ್ಪತ್ತೈದು ಅಂಚುಗಳನ್ನು ಉಜ್ಜಿದ್ದ. ಬೆರಳುಗಳ ಚರ್ಮ ಸುಲಿದಿತ್ತು. ಡೆಸ್‌ನ ಅಂಗಡಿಯಲ್ಲಿ ಉಳಿದಿದ್ದ ಹದಿನಾಲ್ಕನ್ನೂ ಉಜ್ಜಿದರು. ಮಾರಿಹೋದ ಹತ್ತರಲ್ಲಿ ಒಂಬತ್ತನ್ನು ಮನೆಮನೆಗೆ ಹೋಗಿ ತಂದರು. ಹತ್ತನೆಯದನ್ನು ಕೊಂಡವಳು ಅದನ್ನು ಬಸ್ಸಿನಲ್ಲಿ ಮರೆತಿದ್ದಳು. ವೆಟ್ ಸಿಮೆಂಟ್ ಅಲ್ಲಿಗೆ ನಿಂತಿತು. ನಾಲ್ಕನೆಯ ಪ್ಲೇಟಿಗೆ ಹಾಡುಗಳಿದ್ದವು, ಟೇಪೂ ಇತ್ತು; ಡಬ್ಬಿಯ ಮುಚ್ಚಳದ ಮೇಲೆ ಪೆನ್ಸಿಲು ಇಟ್ಟೊಡನೆ ವಾಲ್ಡಾ ಅದನ್ನು ಕೆಳಗಿಟ್ಟು ಎದ್ದುಹೋಗುತ್ತಿದ್ದಳಂತೆ. ಊರಿನ ಪ್ರತಿಯೊಂದು ಪ್ಲೇಟಿನ ಸಂತೆಗೂ ಅವಳು ಬರುವುದು ಕೊಳ್ಳಲಿಕ್ಕಲ್ಲ. ಬಸ್ಸಿನಲ್ಲಿ ಹೋದ ಆ ಒಂದು ಪ್ಲೇಟು ಯಾವ ಪೆಟ್ಟಿಗೆಯಲ್ಲಾದರೂ ಇದೆಯೇ ಎಂದು ನೋಡಲಿಕ್ಕೆ.

ಇಷ್ಟು ಹೇಳಿ ವಾಲ್ಡಾ ಮುಗಿಸಿದಳು. ಪ್ಲೇಟು ಮಾರಲು ಬಂದಿದ್ದ ಹಫ್ ಎಂಬ ದಪ್ಪನೆಯವನು, "ಅಲ್ಲ ವಾಲ್, ಆಯಮ್ಮ ಇಳಿದಿದ್ದೆಲ್ಲಿ?" ಎಂದು ಕೇಳಿದ.

ವಾಲ್ಡಾ ತಲೆಯಲ್ಲಾಡಿಸಿದಳು.

"ಬದುಕಿದಾಳಾ? ಅದಾದ್ರೂ ಹೇಳು. ಹದಿನೈದು ವರ್ಷ ಆಯ್ತಲ್ಲೇ, ಈಗ ಯಾರಿಗೇನು?"

"ನಾಲ್ಕನೇ ಮನೆ ಕೆಡವಿದಾಗ ಅಲ್ಲಿದ್ದೋರ ಪಟ್ಟಿ ಅವನ ಕಂಪನೀಲಿ ಇದ್ದೇ ಇರುತ್ತೆ, ಹಫ್. ಮಾರನೇ ದಿನ ಕನ್ನಡಕ ಹಾಕ್ಕೊಂಡು ನೋಡಿರ್ತಾನೆ. ಐವಿ ಅಂತ ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಬ್ರೆಡ್ ತರೋಕೆ ಹೋದೋಳು ವಾಪಸ್ ಬರಲಿಲ್ಲ ಅಂತಾನೂ ಗೊತ್ತಾಗಿರುತ್ತೆ. ಇವತ್ತಿಗೂ ಹುಡುಕ್ತಾ ಇರಬಹುದು." ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. "ಇಲ್ಲಿ ಕೂತಿರೋ ಎಲ್ಲರೂ ನಂಗೆ ಗೊತ್ತಾ?"

ಒಂಬತ್ತು ಮಂದಿಯಲ್ಲಿ ಇಬ್ಬರ ಪರಿಚಯ ನನಗೂ ಇರಲಿಲ್ಲ. ಆ ಇಬ್ಬರೂ ಪರಸ್ಪರ ನೋಡಿಕೊಂಡು ಕಣ್ಣು ತಗ್ಗಿಸಿದರು. ಹಫ್ ತನ್ನ ಪೆಟ್ಟಿಗೆಯನ್ನು ಎತ್ತಿಕೊಂಡ. ಮೊದಲು ಅವನು, ಹಿಂದೆಯೇ ಉಳಿದವರು, ಕುರ್ಚಿಗಳನ್ನು ಸದ್ದಾಗದಂತೆ ಗೋಡೆಗೆ ಒರಗಿಸಿ, ಮೆಟ್ಟಿಲಿಳಿದು, ಬಿಸಿಲಿನಲ್ಲಿ ಒಬ್ಬೊಬ್ಬರಾಗಿ ಮನೆಗೆ ಹೋದರು.